ಮಣಿಕಟ್ಟಿನ ಎಕ್ಸ್‌ರೇ

ಎಂಬತ್ತರ ದಶಕದಲ್ಲಿ ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದೆ. ಒಂದು ಬೆಳಿಗ್ಗೆ ಕುಲಶೇಖರದ ಬಟ್ಟೆ ವ್ಯಾಪಾರಿ ವಿಠಲಣ್ಣ ಮಗಳು ಸುಮತಿಯನ್ನು ಕರೆದುಕೊಂಡು ಬಂದರು. ಹತ್ತೊಂಬತ್ತು ವರ್ಷದ ಹುಡುಗಿ. ಹುಟ್ಟಿನಿಂದಲೇ ಥಲಸ್ಸೇಮಿಯಾ, ಮೈಯಲ್ಲಿ ಸಾಕಷ್ಟು ರಕ್ತ ಹುಟ್ಟದ ಕಾಯಿಲೆ. ಈ ಸಲ ಒದ್ದೆ ಬೆಡ್‌ಶೀಟ್ ಹಿಂಡುವಾಗ ಮಣಿಕಟ್ಟು ಮುರಿದಿತ್ತು.

ಹೊಸದಾಗಿ ಬಂದಿದ್ದ ಡ್ಯೂಟಿ ಡಾಕ್ಟರು ಫಿಲ್ಮಿನಲ್ಲಿ ಹಳೆಯ ಎರಡು ಮುರಿತಗಳ ಗುರುತು ಕಂಡು ವಿಠಲಣ್ಣನ ಕಡೆ ತಿರುಗಿದರು. "ಬೆಡ್‌ಶೀಟ್ ಹಿಂಡಿದರೆ ಯಾರ ಕೈಯಾದರೂ ಮುರಿಯುತ್ತದಾ? ನೀವು ಹೊಡೆಯುವುದುಂಟಲ್ಲ?"

ಸುಮತಿಯೇ, "ಎಂತ ಹೇಳ್ತೀರಿ ಡಾಕ್ಟ್ರೇ? ಅಪ್ಪ ನನಗೆ ನೀರಿನ ಕೊಡಪಾನ ಎತ್ತಲಿಕ್ಕೂ ಬಿಡುವುದಿಲ್ಲ" ಎಂದಳು. ಡಾಕ್ಟರು ಕೇಳಿಸಿಕೊಳ್ಳದೆ 'ತಂದೆ ಹೊಡೆದ ಸಂಶಯ' ಎಂದು ಚೀಟಿಯಲ್ಲಿ ಬರೆದೇಬಿಟ್ಟರು.

ನನಗೆ ಮೈಯೆಲ್ಲ ಉರಿಯಿತು. ಹಿಂದಿನ ಮುರಿತಗಳ ಫೋಟೋ ತೆಗೆದವನೂ ನಾನೇ. "ಎಲುಬು ನೋಡಿ ಸರ್, ಕಾಗದದ ಹಾಗೆ ಆಗಿದೆ. ಈ ಕಾಯಿಲೆಯಲ್ಲಿ ಒಳಗಿನ ಮಜ್ಜೆ ಉಬ್ಬಿ ಎಲುಬನ್ನೇ ತೆಳ್ಳಗೆ ಮಾಡುತ್ತದೆ" ಎಂದೆ.

"ನೀವು ಫೋಟೋ ತೆಗೆಯುವವರು, ಫೋಟೋ ತೆಗೆಯಿರಿ" ಎಂದರು.

ಫಿಲ್ಮನ್ನು ಕಿತ್ತುಕೊಂಡು ಮೇಲಿನ ಮಹಡಿಯಲ್ಲಿದ್ದ ಹಿರಿಯ ಡಾಕ್ಟರ ಬಳಿಗೆ ಓಡಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದವರೇ ಕೆಳಗಿಳಿದು ಬಂದು ಆ ಸಾಲಿಗೆ ಅಡ್ಡಗೆರೆ ಎಳೆದರು. ಬರೆದವರು ಒಂದು 'ಸಾರಿ' ಕೂಡ ಹೇಳಲಿಲ್ಲ. ಕೈ ಮುಗಿದದ್ದು ವಿಠಲಣ್ಣ, ಅದೂ ಹಾಗೆ ಬರೆದವರಿಗೇ!

ಸಂಜೆ ನನಗೆ ಮೆಮೋ ಬಂತು, ಕೆಲಸದ ವೇಳೆಯಲ್ಲಿ ಎಕ್ಸ್‌ರೇ ಕೋಣೆ ಬಿಟ್ಟು ಹೋದದ್ದಕ್ಕೆ. ಆ ದಿನ ಅಲ್ಲಿ ಬರೆದ ಆರೋಪಗಳಲ್ಲಿ ಅದೊಂದೇ ನಿಜ ಮಾರಾಯ್ರೇ.