ವೈರಮನ್ ಕಾಕಾ ಕತ್ತರಿಸಿದ ವೈರು

ಆ ದಿನ ನಡೆದದ್ದರಲ್ಲಿ ಅರ್ಧವನ್ನಷ್ಟೇ ನಾನು ಖಚಿತವಾಗಿ ಹೇಳಬಲ್ಲೆ. ಉಳಿದರ್ಧವನ್ನು ವರ್ಷಗಳು ಕಳೆದಂತೆ ನಾನೇ ಸೇರಿಸಿಕೊಂಡಿರಬಹುದು. ಕಳೆದ ತಿಂಗಳು ಶಿರೂರು ರಸ್ತೆಯ ಸೈಟಿನಲ್ಲಿ ಕಟಿಂಗ್ ಮಷೀನಿನ ವೈರು ಕಾದು ರಬ್ಬರು ಸುಟ್ಟ ವಾಸನೆ ಎದ್ದಾಗ, ಹಡಪಸರದ ವೈರಮನ್ ಕಾಕಾ ನೆನಪಾದರು.

ಇಂಜಿನಿಯರಿಂಗ್ ಮುಗಿಸಿ ಹಡಪಸರದಲ್ಲಿ ನಾನು ಸೇರಿದ ಮೊದಲ ಕಟ್ಟಡದ ಸೈಟಿನಲ್ಲಿ ಕರೆಂಟಿನ ಕೆಲಸ ಅವರದು. ಇಂಡಿ ಕಡೆಯವರು. ಲೆಕ್ಕಾಚಾರದ ಮಾತು ಮರಾಠಿಯಲ್ಲಿ, ಬೈಗುಳ ಕನ್ನಡದಲ್ಲಿ. ಸಿಪ್ಪೆ ಹರಿದ ವೈರಿಗೆ ಎಂದೂ ಟೇಪು ಸುತ್ತಿದವರಲ್ಲ. ಮೇನ್ ಸ್ವಿಚ್ ಇಳಿಸಿ, ಪಕ್ಕಡದಿಂದ ಅದನ್ನು ತುಂಡು ತುಂಡು ಮಾಡಿಬಿಡುತ್ತಿದ್ದರು, ಯಾರೂ ಮತ್ತೆ ಜೋಡಿಸಬಾರದೆಂದು.

ಅಂದು ಸ್ಲ್ಯಾಬ್ ಹಾಕುತ್ತಿದ್ದೆವು. ಹಸಿ ಕಾಂಕ್ರೀಟನ್ನು ಅದುರಿಸಿ ಕೂಡಿಸುವ ವೈಬ್ರೇಟರ್ ಹಿಡಿದಿದ್ದವನು ಕರೆಂಟು ತಾಗಿ ಕೈ ಝುಂ ಎನ್ನುತ್ತದೆ ಎಂದ. ಕಾಕಾ ವೈರಿನ ಜಾಡು ಹಿಡಿದು ಹೋದರು. ಪ್ಲಗ್ಗೇ ಇರಲಿಲ್ಲ. ಎರಡು ಬರಿಯ ತುದಿಗಳನ್ನು ಸಾಕೆಟ್ಟಿನ ತೂತಿಗೆ ತುರುಕಿ ಬೆಂಕಿಕಡ್ಡಿ ಸಿಗಿಸಿದ್ದರು. ಅರ್ತಿಂಗಿನ ಹಸಿರು ವೈರನ್ನು ಹಿಂದಕ್ಕೆ ಮಡಚಿ ಕಟ್ಟಿದ್ದರು.

"ಅದು ಇಲ್ಲದನೂ ಮಷೀನ್ ನಡೀತದಲ್ಲ ಕಾಕಾ," ಎಂದ ಕೂಲಿಗಳ ಮೇಸ್ತ್ರಿ ಮುಕಾದಮ.

"ಹಸಿರು ವೈರ್ ಮಷೀನಿನ ಸಂಬಂಧ ಅಲ್ಲಪಾ, ಅದನ್ನ ಹಿಡದಾಂವನ ಸಂಬಂಧ."

"ಸ್ಲ್ಯಾಬ್ ನಡುವ ನಿಂತ್ರ ಜೋಡು ಬಿದ್ದು ನೀರು ಸೋರ್ತದ. ಈಗ ಟೇಪ್ ಸುತ್ತಿ ಬಿಡ್ರಿ."

"ನಿನ್ನ ಬಾಯಿಗೆ ಸುತ್ತಲೇನು?"

ಮೇನ್ ಇಳಿಯಿತು, ವೈರು ತುಂಡಾಯಿತು. ನಾಳೆಯಿಂದ ಬರಬೇಡಿ ಎಂದ ಮುಕಾದಮ. "ನಾಳೆ ಯಾಕ, ಇದನ್ನ ಮುಗಿಸಿ ಇವತ್ತ ಹೋಗ್ತೀನಿ," ಎಂದು ಕಾಕಾ ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಕಾಂಕ್ರೀಟು ಬಿಗಿಯುತ್ತಿತ್ತು, ಎಲ್ಲರೂ ಕೂಗುತ್ತಿದ್ದರು. ಅವರು ಹೊಸ ವೈರು, ಹೊಸ ಪ್ಲಗ್ಗು ಹಾಕಿ, ಅರ್ತಿಂಗ್ ಪರೀಕ್ಷಿಸಿ, ವೈಬ್ರೇಟರನ್ನು ಮೊದಲು ತಾವೇ ಹಿಡಿದು ನೋಡಿ, ಚೀಲ ಎತ್ತಿಕೊಂಡು ಹೊರಟರು.

ಆಗ ನಾನು ಅವರ ಪರ ಗಟ್ಟಿಯಾಗಿ ಮಾತಾಡಿದೆ ಎಂದು ನೆನಪಿದೆ. ಆದರೆ ನನ್ನ ಕೆಲಸ ಉಳಿಯಿತು, ಅವರದು ಹೋಯಿತು... ಆದ್ದರಿಂದ ಆ ನೆನಪನ್ನು ನಾನು ನಂಬುವುದಿಲ್ಲ.

ಈಗ ನಾನೂ ಕತ್ತರಿಸುತ್ತೇನೆ. ಯಾರು ಏನೇ ಅನ್ನಲಿ, ನನ್ನ ಸೈಟಿನಲ್ಲಿ ಟೇಪು ಸುತ್ತಿದ ವೈರು ನಡೆಯುವುದಿಲ್ಲ. ಶಿರೂರು ರಸ್ತೆಯಲ್ಲೂ ಕತ್ತರಿಸಿದೆ. ಅದೇ ಹಳೆಯ ಮುಕಾದಮ ಈಗ ಅಲ್ಲಿ ನನ್ನ ಕೈಕೆಳಗಿದ್ದಾನೆ. ಅವನು ನಕ್ಕ: "ಸಾಹೇಬ್ರ, ನಿಮಗೂ ಕಾಕಾನ ಗಾಳಿ ಬಡದದ. ಅವರೂ ಕಡೀಕ ಬಾರಾಮತಿ ಕಡೆ ಕರೆಂಟ್ ಹೊಡದೇ ಹೋದ್ರಂತ. ಅಷ್ಟೆಲ್ಲಾ ಮಾಡಿ ಏನ್ ಸಿಕ್ತು?"

ಸೈಟುಗಳಲ್ಲಿ ಇಂಥ ಕಥೆಗಳು ಬಲು ಬೇಗ ಹುಟ್ಟುತ್ತವೆ. ಎಚ್ಚರಿಕೆಯ ಮನುಷ್ಯನೂ ಹಾಗೇ ಸತ್ತನೆಂದರೆ ಉಳಿದವರಿಗೆ ನಿರಾಳ. ನನಗೆ ನಂಬಿಕೆ ಬರಲಿಲ್ಲ. ಆದರೆ ನಂಬದಿರುವುದು ಪುರಾವೆಯಲ್ಲ. ನಾಲ್ಕಾರು ಜನರನ್ನು ಕೇಳಿ ಅವರ ಮಗಳ ನಂಬರು ಹುಡುಕಿದೆ. ಕಾಕಾ ತೀರಿಕೊಂಡು ಎರಡು ವರ್ಷವಾಗಿತ್ತು. ಅಷ್ಟು ದಿನ ನಾನು ವಿಚಾರಿಸಿಯೇ ಇರಲಿಲ್ಲ. ಮಗಳು ಆಸ್ಪತ್ರೆಯ ಕಾಗದದ ಫೋಟೊ ಕಳಿಸಿದರು. ಫೋನನ್ನು ಮುಕಾದಮನ ಕೈಗೆ ಕೊಟ್ಟು ಅದನ್ನು ಗಟ್ಟಿಯಾಗಿ ಓದಿಸಿದೆ. ಸಾವಿನ ಕಾರಣ ನ್ಯುಮೋನಿಯಾ.