ಕಾಕಾ ಅಕ್ಕಲಕೋಟೆಗೆ ಹೋದ ಗುರುವಾರ

ಮೊನ್ನೆ ಬೆಳಿಗ್ಗೆ ಸೊಸೆ ತವೆಯ ಮೇಲೆ ರೊಟ್ಟಿ ಹಾಕಿ ಫೋನಿನಲ್ಲಿ ಮಾತಾಡುತ್ತ ನಿಂತುಬಿಟ್ಟಳು. ಜೋಳದ ಹಿಟ್ಟು ಹೊತ್ತಿದ ವಾಸನೆ ನಡುಮನೆಯವರೆಗೂ ಬಂತು. ಅವಳು ಓಡಿಹೋಗಿ ಕಿಟಕಿ ತೆರೆದಳು. ನಾನು ಕುರ್ಚಿಯಲ್ಲಿ ಕೂತೇ ಇದ್ದೆ. ಎಷ್ಟೋ ವರ್ಷದ ಮೇಲೆ ಕಾಕಾ ನೆನಪಾಗಿದ್ದರು...

ಅವರು ನನಗೆ ರಕ್ತಸಂಬಂಧದ ಕಾಕಾ ಅಲ್ಲ. ಐವತ್ತರ ದಶಕದಲ್ಲಿ ನಾನು ಸೋಲಾಪುರದ, ಸಾಲಾಗಿ ಒಂಟಿ ಕೋಣೆಗಳಿದ್ದ ಒಂದು ಚಾಳಿನಲ್ಲಿದ್ದಾಗ ಅವರು ಪಕ್ಕದ ಖೋಲಿಯಲ್ಲಿದ್ದರು. ಇಬ್ಬರೂ ಒಂದೇ ಬಟ್ಟೆ ಗಿರಣಿಯ ಮಗ್ಗದ ಖಾತೆಯಲ್ಲಿ ದುಡಿಯುತ್ತಿದ್ದೆವು. ನನಗಾಗ ಇಪ್ಪತ್ತನಾಲ್ಕು, ಅವರಿಗೆ ಐವತ್ತರ ಹತ್ತಿರ. ಮಕ್ಕಳಿರಲಿಲ್ಲ. ಹೆಂಡತಿ ತೀರಿಕೊಂಡು ಒಂದು ವರ್ಷವೂ ಆಗಿರಲಿಲ್ಲ.

ಗಿರಣಿಯವರು ಎರಡನೆಯ ಪಾಳಿ ನಿಲ್ಲಿಸಿದಾಗ ನಮ್ಮಿಬ್ಬರ ಕೆಲಸವೂ ಹೋಯಿತು. ಹೆಸರು ಬದಲಿ ಕೂಲಿಗಳ ಪಟ್ಟಿಗೆ ಸೇರಿತು. ಅಂದರೆ ದಿನಾ ಮುಂಜಾನೆ ಪಾಳಿಯ ಭೋಂಗಾ ಸೈರನ್ ಕೂಗುವ ಮೊದಲು ಗೇಟಿನ ಮುಂದೆ ನಿಲ್ಲಬೇಕು. ಒಳಗೆ ಯಾರಾದರೂ ಬಾರದಿದ್ದರೆ, ನಾವು ಜಾಬರ್ ಅನ್ನುತ್ತಿದ್ದ ಮೇಸ್ತ್ರಿ ಹೊರಬಂದು ಒಬ್ಬಿಬ್ಬರ ಹೆಸರು ಕೂಗುತ್ತಾನೆ. ಉಳಿದವರು ಮನೆಗೆ ಹೋಗಬೇಕು. ನಾವು ಹೆಚ್ಚಾಗಿ ಮನೆಗೇ ಹೋಗುತ್ತಿದ್ದೆವು. ನಮ್ಮೂರು ನಾಗಣಸೂರಿನಲ್ಲಿ ಅಣ್ಣ ಒಕ್ಕಲುತನ ಮಾಡಿಕೊಂಡಿದ್ದ. ಇದ್ದ ಹೊಲ ಅವನ ಸಂಸಾರಕ್ಕೇ ಸಾಲುತ್ತಿರಲಿಲ್ಲ, ಹಾಗಾಗಿ ನಾನು ಊರಿಗೂ ಹೋಗಲಿಲ್ಲ. ಬೆಳಿಗ್ಗೆ ಎಂಟಕ್ಕೆಲ್ಲ ಖೋಲಿಗೆ ಬಂದು ಗೋಡೆಗೆ ಒರಗಿದರೆ ಸಂಜೆಯ ತನಕ ಮಾತಾಡಿಸುವವರಿಲ್ಲ. ಚಾಳಿನ ಗಂಡಸರೆಲ್ಲ ಕೆಲಸಕ್ಕೆ ಹೋಗಿರುತ್ತಿದ್ದರು. ಹೆಂಗಸರು ನಳದ ಹತ್ತಿರ ನನ್ನನ್ನು ನೋಡಿ ಮಾತು ನಿಲ್ಲಿಸುತ್ತಿದ್ದರು. ಹಗಲು ಮನೆಯಲ್ಲಿರುವ ಗಂಡಸು ಎಂಬ ನಾಚಿಕೆ ಏನೆಂದು ನನಗೆ ಆಗ ಗೊತ್ತಾಯಿತು.

ಒಂದು ದಿನ ಕಾಕಾ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಹಿಟ್ಟಿನ ಡಬ್ಬಿ ಇತ್ತು.

“ತಮ್ಮಾ, ನಿನಗ ರೊಟ್ಟಿ ಬಡಿಯಾಕ ಬರ್ತೈತಲ್ಲ? ನನಗ ಬರೂದಿಲ್ಲಪಾ. ಅಕಿ ಇದ್ದಾಗ ನಾ ಒಲಿ ಮುಂದ ಕುಂತಾಂವ ಅಲ್ಲ.”

ಅವತ್ತಿನಿಂದ ಎರಡು ಖೋಲಿಗೆ ಒಂದೇ ಒಲೆಯಾಯಿತು. ಅವ್ವನಿಂದ ನೋಡಿ ಕಲಿತದ್ದನ್ನು ನಾನು ಮಾಡುತ್ತಿದ್ದೆ. ರೊಟ್ಟಿ, ಪುಂಡಿಪಲ್ಲೆ, ಇಲ್ಲವೇ ಬರೀ ಶೇಂಗಾ ಚಟ್ನಿ. ಕಾಕಾ ನೀರು ತರುತ್ತಿದ್ದರು, ಭಾಂಡೆ ತಿಕ್ಕುತ್ತಿದ್ದರು. ಊಟದ ಹೊತ್ತಿಗೂ ಮಾತು ಕಡಿಮೆ. ಎದುರಿಗೆ ಒಬ್ಬರು ಕೂತು ಉಣ್ಣುತ್ತಿದ್ದಾರೆ ಅನ್ನುವುದೇ ನನಗೆ ಸಾಕಾಗುತ್ತಿತ್ತು.

ಆ ದಿನಗಳಲ್ಲೇ ಅವರಿಗೆ ಅಕ್ಕಲಕೋಟೆಯ ಸೆಳೆತ ಹತ್ತಿತು. ಬುಧವಾರ ಮಧ್ಯಾಹ್ನ ನಡೆದು ಹೊರಡುವರು, ದಾರಿಯಲ್ಲಿ ವಳಸಂಗದ ಯಾವುದೋ ಗುಡಿಯಲ್ಲಿ ಮಲಗುವರು, ಗುರುವಾರ ಅಲ್ಲಿಯ ಸಂತ ಮಹಾರಾಜರ ಗುಡಿಯ ಆಲದ ಮರದ ಕೆಳಗೆ ಕೂತು, ಶುಕ್ರವಾರ ಸಂಜೆ ಕಾಲು ಎಳೆಯುತ್ತ ವಾಪಸಾಗುವರು. ಬುತ್ತಿ ನಾನು ಕಟ್ಟಿಕೊಡುತ್ತಿದ್ದೆ. ಒಂದು ಸಲ ಅವರ ಜೊತೆ ನಾನೂ ಹೋದೆ. ಪಾದುಕೆಗೆ ಹಣೆ ಹಚ್ಚಿ ಕೆಲಸ ಕೊಡು ಎಂದು ಬೇಡಿಕೊಂಡೆ. ಕಾಕಾ ಕಣ್ಣು ಮುಚ್ಚಿ ಸುಮ್ಮನೆ ಕೂತಿದ್ದರು. ಬರುವಾಗ ಏನು ಬೇಡಿಕೊಂಡಿರಿ ಎಂದು ಕೇಳಿದೆ.

“ಬೇಡೂದೇನಿಲ್ಲ ತಮ್ಮಾ. ಇಪ್ಪತ್ತ ವರ್ಷ ಮಗ್ಗದ ಸಪ್ಪಳದಾಗ ಕಳದೆ. ಈಗ ಸಪ್ಪಳ ನಿಂತೈತಿ. ಒಳಗ ಯಾರೋ ಏನೋ ಕೇಳಾಕತ್ಯಾರ. ಏನ ಕೇಳತಾರ ಅಂಬೂದ ತಿಳಿವಲ್ದು.”

ನನಗೆ ಅದು ಅರ್ಥವಾಗಲಿಲ್ಲ. ನನ್ನ ಒಳಗೆ ಇದ್ದದ್ದು ಹಸಿವು, ಭಯ, ಅಷ್ಟೇ.

ಆಮೇಲೆ ಆ ಗುರುವಾರ ಬಂತು. ಗೇಟಿನ ಮುಂದೆ ಮೂವತ್ತು ಮಂದಿ ನಿಂತಿದ್ದೆವು. ಜಾಬರ್ ಹೊರಬಂದು, ಒಂದು ಜಾಗ ಖಾಲಿಯಾಗಿದೆ, ಕಾಯಂ ಜಾಗ ಎಂದ. ಪಟ್ಟಿಯಲ್ಲಿ ಮೊದಲು ಇದ್ದದ್ದು ಕಾಕಾನ ಹೆಸರು. ಎರಡು ಸಲ ಕೂಗಿದ. ಕಾಕಾ ಆ ಹೊತ್ತಿಗೆ ನಾನು ಬಡಿದುಕೊಟ್ಟ ರೊಟ್ಟಿ ತಿಂದು ಅಕ್ಕಲಕೋಟೆಯ ದಾರಿಯಲ್ಲಿದ್ದರು.

“ನಿನ್ನ ಬಾಜೂ ಖೋಲ್ಯಾಗ ಇರ್ತಾನಲ್ಲ, ಎಲ್ಲಿ ಹೋಗ್ಯಾನ?” ಎಂದು ನನ್ನನ್ನು ಕೇಳಿದ.

ನಾಳೆ ಸಂಜೆ ಬರುತ್ತಾರೆ ಅನ್ನಬಹುದಿತ್ತು. ಜಾಬರ್ ಕೆಟ್ಟವನಲ್ಲ, ಎರಡು ದಿನ ಕಾದರೂ ಕಾಯುತ್ತಿದ್ದ.

“ಸೋಲಾಪುರ ಬಿಟ್ಟು ಹೋದ್ರರಿ. ಇನ್ನ ಗಿರಣಿಗಿ ಬರೂದಿಲ್ಲಂತ” ಅಂದೆ.

ಅವನು ಪಟ್ಟಿಯನ್ನು ಒಮ್ಮೆ ನೋಡಿದ, ನನ್ನನ್ನು ಒಮ್ಮೆ ನೋಡಿದ. “ನೀ ಬರ್ತೀಯೇನು?”

ನಾನು ಒಳಗೆ ಹೋದೆ.

ಶುಕ್ರವಾರ ಸಂಜೆ ಕಾಕಾ ಬಂದಾಗ, ನನ್ನನ್ನು ಕಾಯಂ ಮಾಡಿದರು ಎಂದಷ್ಟೇ ಹೇಳಿದೆ. ಅವರು “ಛಲೋ ಆತು” ಅಂದರು. ಪ್ರಸಾದದ ಪುಡಿಕೆ ಬಿಚ್ಚಿ ಕೈಯಲ್ಲಿ ಹಾಕಿದರು. ಆಮೇಲೆ ಎದ್ದು ಅಂಗಿ ತೊಟ್ಟು ಹೊರಗೆ ಹೋದವರು ಊಟದ ಹೊತ್ತಿಗೂ ಬರಲಿಲ್ಲ. ಎರಡು ದಿನ ಅವರ ಖೋಲಿಯ ಬಾಗಿಲು ಮುಚ್ಚಿಯೇ ಇತ್ತು.

ಸೋಮವಾರ ಮುಂಜಾನೆ ಹೊಗೆಗೆ ಎಚ್ಚರವಾಯಿತು. ಕಾಕಾ ನನ್ನ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ರೊಟ್ಟಿ ಅಂಚಿಗೆ ಹರಿದಿತ್ತು, ನಡುವೆ ಕರಿಕಾಗಿತ್ತು. “ದುಡಿಯೋ ಮನಷ್ಯಾ ಒಲಿ ಮುಂದ ಕುಂತರ ಭೋಂಗಾ ತಪ್ಪತೈತಿ. ಇನ್ನ ನಾ ಮಾಡತೀನಿ” ಅಂದರು. ಬೆರಳುಗಳು ಸುಟ್ಟು ಬೊಬ್ಬೆ ಎದ್ದಿದ್ದವು.

ಎಂಟು ತಿಂಗಳು ಅವರು ಅಡಿಗೆ ಮಾಡಿದರು. ಬೇಗ ಕಲಿತರು. ಕೊನೆಕೊನೆಗೆ ಅವರ ರೊಟ್ಟಿ ನನ್ನ ರೊಟ್ಟಿಗಿಂತ ತೆಳುವಾಗಿ, ದುಂಡಗೆ ಬರುತ್ತಿತ್ತು. ಗೇಟಿಗೆ ಮಾತ್ರ ಮತ್ತೆ ಹೋಗಲಿಲ್ಲ. ಯಾಕೆ ಎಂದು ನಾನೂ ಕೇಳಲಿಲ್ಲ. ಅವರ ಎದುರು ತಲೆ ತಗ್ಗಿಸಿ ಉಂಡು ಬೇಗ ಎದ್ದುಬಿಡುತ್ತಿದ್ದೆ. ಕೆಲಸವಿಲ್ಲದ ದಿನಗಳಲ್ಲಿಯೂ ನಾನು ಅಷ್ಟು ಒಂಟಿಯಾಗಿರಲಿಲ್ಲ.

ಒಂದು ಬುಧವಾರ ಹೋದವರು ಶುಕ್ರವಾರ ಬರಲಿಲ್ಲ. ಅದರ ಮುಂದಿನ ಶುಕ್ರವಾರವೂ ಬರಲಿಲ್ಲ. ರಜೆಯ ದಿನ ಮೋಟಾರು ಹತ್ತಿ ಅಕ್ಕಲಕೋಟೆಗೆ ಹೋದೆ. ಗುಡಿಯ ಹತ್ತಿರ ಕಾಣಲಿಲ್ಲ. ಹುಡುಕುತ್ತ ಹೋದಾಗ, ಯಾತ್ರಿಕರು ಇಳಿಯುವ ಒಂದು ಸಣ್ಣ ಧರ್ಮಶಾಲೆಯ ಹಿತ್ತಲಲ್ಲಿ ಸಿಕ್ಕರು. ದೊಡ್ಡ ಒಲೆಯ ಮುಂದೆ ಕೂತಿದ್ದರು. ಮೊಣಕೈ ತನಕ ಹಿಟ್ಟು.

“ಬಾರೋ ತಮ್ಮಾ. ಕುಂದರು, ಉಣ್ಣು.”

“ನೀವು ಹುಡುಕಾಕತ್ತಿದ್ದು ಸಿಕ್ತೇನ್ರಿ ಕಾಕಾ?”

ಅವರು ನಕ್ಕರು. “ಹುಡುಕಾಕ ಪುರಸೊತ್ತ ಎಲ್ಲೈತಪಾ? ಮುಂಜಾನೆ ಎದ್ದರ ನೂರ ರೊಟ್ಟಿ ಬಡೀಬೇಕು.”

ಅಲ್ಲಿಯೇ, ಒಲೆಯ ಪಕ್ಕದಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ. ಜಾಬರ್ ಕೂಗಿದ್ದು ಯಾರ ಹೆಸರು, ನಾನು ಆಡಿದ ಸುಳ್ಳು ಏನು... ಅವರು ರೊಟ್ಟಿ ತಿರುವಿ ಹಾಕಿದರು.

“ಗೊತ್ತೈತಿ. ಅವತ್ತ ಸಂಜಿಮುಂದನ ಗೇಟಿನ ಮುಂದ ಮಂದಿ ಹೇಳಿದ್ರು.”

“ಮತ್ತ ಎಂಟ ತಿಂಗಳ ನನಗ ಅಡಗಿ ಮಾಡಿ ಹಾಕಿದ್ರಲ್ಲರಿ?”

“ಸಿಟ್ಟ ಬಂದಿತ್ತು. ಹೊಡದು ಬಿಡಬೇಕು ಅನಿಸಿತ್ತು. ಎರಡ ದಿನ ಒಳಗ ಕುಂತೆ. ಎರಡೂ ದಿನ ನೀ ರೊಟ್ಟಿ ತಂದು ಹೊಚ್ಚಲದಾಗ ಇಟ್ಟು ಹೋಗತಿದ್ದಿ, ಕದಾ ಬಡಿಯಾಕ ಧೈರ್ಯ ಇರಲಿಲ್ಲ ನಿನಗ. ನಿನ್ನ ಪಾಲಿನ ರೊಟ್ಟೀನೂ ಅದರಾಗ ಇದ್ವು, ನೀನೂ ಉಂಡಿಲ್ಲ ಅಂತ ಗೊತ್ತಾತು.” ಬೆಂದ ರೊಟ್ಟಿ ತೆಗೆದಿಟ್ಟು ಮತ್ತೆ ಅಂದರು. “ಹಸದಾಂವ ಬಾಜೂಕ ಇದ್ದಾಗ ಸಿಟ್ಟ ಹಿಡಕೊಂಡು ಎಷ್ಟಂತ ಕುಂದರ್ಲಿ?”

ಅವತ್ತು ಅವರು ಬಡಿಸಿದರು, ನಾನು ಉಂಡೆ. ಸೋಲಾಪುರಕ್ಕೆ ಬರ್ರಿ ಎಂದೆ. ತಲೆ ಅಲ್ಲಾಡಿಸಿದರು.

ಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಮದುವೆಯಾಯಿತು, ಮಕ್ಕಳಾದವು, ವರ್ಷಕ್ಕೊಮ್ಮೆಯಾಯಿತು. ಮೂರು ವರ್ಷ ಬಿಟ್ಟು ಒಮ್ಮೆ ಹೋದಾಗ ಒಲೆಯ ಮುಂದೆ ಬೇರೆ ಯಾರೋ ಇದ್ದರು. ಗಾಣಗಾಪುರದ ಕಡೆ ಹೊರಟ ಯಾತ್ರಿಕರ ಜೊತೆ ನಡೆದು ಹೋದರಂತೆ, ತಿರುಗಿ ಬರಲಿಲ್ಲವಂತೆ. ಗಾಣಗಾಪುರದಲ್ಲಿಯೂ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ...

ನಿನ್ನೆ ಮಗ ನನ್ನನ್ನು ಅಕ್ಕಲಕೋಟೆಗೆ ಕರೆದುಕೊಂಡು ಹೋದ. ಕಾಕಾನ ಹೆಸರಿನಲ್ಲಿ ಒಂದು ಹೊತ್ತಿನ ಅನ್ನದಾನ ಮಾಡಿಸೋಣವೆಂದು ದೇಣಿಗೆ ಬರೆಸುವ ಕಿಟಕಿಯ ಮುಂದೆ ನಿಂತೆ. ಒಳಗಿದ್ದ ಹುಡುಗಿ ಹೆಸರು ಬರೆದುಕೊಂಡಳು. “ಅಜ್ಜಾರ, ಇದು ಹುಟ್ಟಿದ ದಿನದ್ದೋ, ಪುಣ್ಯತಿಥೀದೋ?” ಎಂದು ಕೇಳಿದಳು.

ಕಾಕಾ ಇದ್ದಿದ್ದರೆ ಈಗ ನೂರು ದಾಟಿ ಎಷ್ಟೋ ವರ್ಷವಾಗಿರುತ್ತಿತ್ತು. ಅದು ನನಗೂ ಗೊತ್ತು. ಆದರೂ ಪುಣ್ಯತಿಥಿ ಅನ್ನಲು ಬಾಯಿ ಬರಲಿಲ್ಲ. ಹಿಂದೆ ಜನ ನಿಂತಿದ್ದರು. ಮಗ ಮೆಲ್ಲಗೆ ನನ್ನ ತೋಳು ಮುಟ್ಟಿದ.

“ಗೊತ್ತಿಲ್ಲವ್ವಾ” ಅಂದೆ.

ಅವಳು ಆ ಜಾಗವನ್ನು ಹಾಗೇ ಖಾಲಿ ಬಿಟ್ಟು, ಪಾವತಿ ಚೀಟಿ ಹರಿದು ಕೊಟ್ಟಳು.