ಮುತ್ತಿ ನಿಲ್ಲುತ್ತಿದ್ದ ಜಾಗ

ಬೀರಯ್ಯನನ್ನು ನೋಡಿದರೆ ನನಗೆ ಇಂದಿಗೂ ಬೆರಗು. ಅವನು ಟಾಂಗಾ ಹೊಡೆಯುತ್ತಿದ್ದ ಕಾಲದ ಕುದುರೆ ಲಾಯ ನಮ್ಮ ಮನೆಯೆದುರಿಗೇ ಇದೆ. ಬೆನ್ನಿಗೆ ಚೀಲ ಹೊತ್ತು ದೇಶ ಸುತ್ತುವ ಹುಡುಗ ಹುಡುಗಿಯರು ಈಗ ಕಡಿಮೆ ಬಾಡಿಗೆಗೆ ಅಲ್ಲಿ ತಂಗುತ್ತಾರೆ. ನೋಡಿಕೊಳ್ಳುವವನು ಅವನೇ. ಕುದುರೆ ನಿಲ್ಲುತ್ತಿದ್ದಲ್ಲಿ ಮಂಚ, ಮೇವಿನ ಗೋದಲಿಯಲ್ಲಿ ಅವರ ಚೀಲ. ಬಂದವರ ಹೆಸರು ಕೇಳುವ ಮೊದಲೇ ಬೀರಯ್ಯ ಕಾಲು ನೋಡಿ, “ದಣಿದದೆ, ನೀರು ಕುಡಿಸ್ಬೇಕು” ಅನ್ನುತ್ತಾನೆ. ಚಾಮುಂಡಿ ಬೆಟ್ಟ ಹತ್ತಿ ಬಂದವರನ್ನು ಬೆವರು ಆರುವವರೆಗೂ ಕೂರಲು ಬಿಡದೆ ಅಂಗಳದಲ್ಲಿ ಅಡ್ಡಾಡಿಸುತ್ತಾನೆ. “ಮನುಷ್ಯರು ಕಣೋ ಅವರು” ಎಂದು ನಾನು ಅಂದರೆ, “ಅದ್ಕೇ ಕಣಕ್ಕ ಒದಿಯಾಕಿಲ್ಲ” ಅನ್ನುತ್ತಾನೆ. ಅವನ ಕೊನೆಯ ಕುದುರೆ ಮುತ್ತಿ ನಿಲ್ಲುತ್ತಿದ್ದ ಜಾಗವನ್ನು ಮಾತ್ರ ಯಾರಿಗೂ ಕೊಟ್ಟವನಲ್ಲ. ಅದು ಸತ್ತ ಮೇಲೂ ದಿನಾ ಅಲ್ಲಿ ಹಸಿ ಹುಲ್ಲು ಹಾಕುತ್ತಿದ್ದ. ಈ ಸಲದ ದಸರೆಯಲ್ಲಿ ಮಂಚಗಳೆಲ್ಲ ತುಂಬಿದ್ದಾಗ, ಊರಲ್ಲೆಲ್ಲೂ ಜಾಗ ಸಿಗದೆ ಒಬ್ಬಳು ಹುಡುಗಿ ಕುಂಟುತ್ತ ಬಂದಳು. ಬೀರಯ್ಯ ಅವಳ ಕಾಲನ್ನೇ ನೋಡಿದ. ಆಮೇಲೆ ಮುತ್ತಿಯ ಗೋದಲಿಯ ಹುಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಹೊರಗಿಟ್ಟು, ಅವಳಿಗೆ ಹಾಸಿಗೆ ಹಾಸಿಕೊಟ್ಟ. ಕಾಲು ವಾಸಿಯಾಗಿ ಅವಳು ಹೊರಟ ಬೆಳಿಗ್ಗೆ, ಬೀರಯ್ಯ ಚೀಲವನ್ನು ಅವಳ ಬೆನ್ನಿಗೇರಿಸಿ ಪಟ್ಟಿ ಬಿಗಿದು, ಕುದುರೆಯನ್ನು ಹೊರಡಿಸುವಂತೆ ನಾಲಗೆಯಲ್ಲಿ ‘ಟಕ್ ಟಕ್’ ಎಂದು ಸದ್ದು ಮಾಡಿದ. ಮುತ್ತಿ ಹೋದ ಮೇಲೆ ಆ ಸದ್ದು ಅವನ ಬಾಯಿಂದ ಬಂದಿರಲೇ ಇಲ್ಲ.